ಉತ್ತರಿಸುವ ಯಂತ್ರ, ಆಲಿಸುವ ಮನುಷ್ಯ

ಮಕ್ಕಳು ಪ್ರಶ್ನೆ ಕೇಳುವುದು ಹೊಸದಲ್ಲ. ಯಾರನ್ನು ಕೇಳುತ್ತಾರೆ ಎಂಬುದು ಹೊಸದು. ಹಿಂದೆ ಅಜ್ಜಿಯೋ ಶಾಲೆಯ ಗುರುಗಳೋ ಉತ್ತರ ಹೇಳುತ್ತಿದ್ದರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಬಳಿಕ ನಮ್ಮ ಹಳ್ಳಿಗಳ ಮಕ್ಕಳೂ ತಂದೆಯ ಮೊಬೈಲನ್ನೇ ಕೇಳತೊಡಗಿದ್ದಾರೆ. ಅದು ಬೇಸರಿಸದು, ಗದರದು, ಕನ್ನಡದಲ್ಲಿಯೇ ಉತ್ತರಿಸುತ್ತದೆ. ಇದನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೇ, ಬಿಡಬೇಕೇ ಎಂದು ಪಾಲಕರು ನಮ್ಮನ್ನು ಕೇಳುತ್ತಾರೆ. ಎರಡೂ ಅಲ್ಲ ಎಂಬುದು ನಮ್ಮ ಉತ್ತರ. ಅಂಥ ಯಂತ್ರವೊಂದನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ಮಕ್ಕಳು ತಾವೇ ಕಟ್ಟಿ ನೋಡಬೇಕು.

ಕಳೆದ ಬೇಸಿಗೆಯ ರಜೆಯಲ್ಲಿ ಸುರೇಬಾನದ ಎಂಟು, ಒಂಬತ್ತನೆಯ ತರಗತಿಯ ಕೆಲವು ಮಕ್ಕಳೊಡನೆ, ಧರ್ಮೋಪದೇಶದ ಪಾಠ ಮುಗಿದ ಮೇಲೆ, ನಾವು ಈ ಪ್ರಯೋಗವನ್ನು ಮಾಡಿದೆವು. ಮೊದಲ ದಿನ ಗಣಕಯಂತ್ರವನ್ನು ತೆರೆಯಲೇ ಇಲ್ಲ. ಪ್ರತಿಯೊಬ್ಬರೂ ರಟ್ಟಿನ ಚೀಟಿಯ ಮೇಲೆ ಒಂದು ಪದವನ್ನೂ ಅದಕ್ಕೊಂದು ಉತ್ತರವನ್ನೂ ಬರೆದರು. ‘ರಾಮದುರ್ಗ’, ‘ಬಸ್’ ಎಂಬ ಪದಗಳು ಪ್ರಶ್ನೆಯಲ್ಲಿದ್ದರೆ ಬಸ್ಸಿನ ವೇಳೆಯನ್ನು ಹೇಳು. ಇಲ್ಲವಾದರೆ ‘ತಿಳಿಯಲಿಲ್ಲ’ ಎನ್ನು. ಕಾಲೇಜಿನಲ್ಲಿ ಓದುತ್ತಿರುವ ತರುಣನೊಬ್ಬನು ಆ ಚೀಟಿಗಳನ್ನು ಪೈಥಾನ್ ಎಂಬ ಗಣಕ ಭಾಷೆಯ ಕೆಲವೇ ಸಾಲುಗಳಲ್ಲಿ ಬರೆಯಲು ಮಕ್ಕಳಿಗೆ ಕಲಿಸಿದನು. ಹುಡುಗನೊಬ್ಬನು “ರಾಮದುರ್ಗಕ್ಕ ಗಾಡಿ ಎಷ್ಟಕ್ಕೈತಿ?” ಎಂದು ಕೇಳಿದ. ಯಂತ್ರ ‘ತಿಳಿಯಲಿಲ್ಲ’ ಎಂದಿತು. ಅದಕ್ಕೆ ಬಸ್ಸು ಗೊತ್ತು, ಗಾಡಿ ಗೊತ್ತಿಲ್ಲ. ಮಕ್ಕಳು ‘ಗಾಡಿ’ಯನ್ನೂ ಸೇರಿಸಿದರು. ಮರುಕ್ಷಣವೇ ಇನ್ನೊಬ್ಬನು ರಾಮದುರ್ಗದ ಸಂತೆಯಲ್ಲಿ ಎತ್ತಿನ ಗಾಡಿ ಸಿಗುವುದೇ ಎಂದು ಕೇಳಿದಾಗ, ಯಂತ್ರ ಗಂಭೀರವಾಗಿ ಬಸ್ಸಿನ ವೇಳೆಯನ್ನು ಒಪ್ಪಿಸಿತು. ಎಲ್ಲರೂ ನಕ್ಕರು. ಆ ನಗೆಯಲ್ಲಿಯೇ ಒಂದು ಪಾಠ ಮುಗಿದಿತ್ತು: ಪದವನ್ನು ಗುರುತಿಸುವುದು ಬೇರೆ, ಅರ್ಥವನ್ನು ತಿಳಿಯುವುದು ಬೇರೆ.

ಕೊನೆಯಲ್ಲಿ ಬಾಲಕಿಯೊಬ್ಬಳು “ನನಗ ಬ್ಯಾಸರಾಗೈತಿ” ಎಂದು ಬರೆದಳು. “ಬೇಸರವೇಕೆ? ಇನ್ನಷ್ಟು ಹೇಳು” ಎಂದು ಉತ್ತರ ಬಂತು. ಆ ಚೀಟಿಯನ್ನು ಬರೆದವಳು ಅವಳೇ. ಕ್ಷಣಕಾಲ ಸುಮ್ಮನಿದ್ದು, “ಫಾದರ್, ಇದು ನನ್ನ ಮಾತು ಕೇಳವಲ್ದು. ನಾ ಬರದದ್ದನ್ನ ನನಗ ಹೇಳಾಕತ್ತೈತಿ” ಎಂದಳು.

ಇದೇ ಸತ್ಯವನ್ನು ದೊಡ್ಡ ವಿದ್ವಾಂಸರೊಬ್ಬರು ಕಳವಳದಿಂದ ಕಂಡುಕೊಂಡಿದ್ದರು. ಅಮೆರಿಕದ ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ ಅವರು 1966ರಲ್ಲಿ ‘ಎಲೈಜಾ’ ಎಂಬ ಮಾತಿನ ಯಂತ್ರವನ್ನು ಪ್ರಕಟಪಡಿಸಿದರು. ಮನೋವೈದ್ಯನಂತೆ ಅದು ಕೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿಸುತ್ತಿತ್ತು. ಅದು ಸಿದ್ಧವಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ತೊಡಗಿ, ಸ್ವಲ್ಪ ಹೊತ್ತು ಕೋಣೆಯಿಂದ ಹೊರಗಿರುವಂತೆ ಅವರನ್ನು ಕೇಳಿಕೊಂಡರಂತೆ! ಯಂತ್ರಕ್ಕೆ ಏನನ್ನು ಒಪ್ಪಿಸಬಾರದು ಎಂಬುದನ್ನು ಕುರಿತು ವೈಜೆನ್‌ಬಾಮ್ ಅವರು 1976ರಲ್ಲಿ ಒಂದು ಗ್ರಂಥವನ್ನೇ ಬರೆದರು. ಯಂತ್ರವನ್ನು ಕಟ್ಟುವುದನ್ನು ನೋಡಿದರಷ್ಟೇ ಸಾಲದು, ತಾನೇ ಕಟ್ಟಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಇಂದಿನ ಯಂತ್ರಗಳು ನಮ್ಮ ಮಕ್ಕಳ ಚೀಟಿಗಳಂತಿಲ್ಲ, ನಿಜ. ಅಪಾರ ಬರಹರಾಶಿಯಿಂದ, ಒಂದು ಪದದ ಬೆನ್ನಿಗೆ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಅವು ಕಲಿತಿರುತ್ತವೆ. ಇದನ್ನೂ ಮಕ್ಕಳಿಗೆ ತಿಳಿಸಬಹುದು. “ಮಳೆ ಬಂದು ಹೊಲ...” ಎಂದು ಬರೆದು, ಮುಂದಿನ ಪದವನ್ನು ಊಹಿಸಿರೆಂದು ಕೇಳಿದೆವು. ಹೆಚ್ಚಿನವರು ‘ಹಸಿರಾಯಿತು’ ಎಂದರು. ನೆರೆಯನ್ನು ಕಂಡ ಮನೆಯ ಹುಡುಗನೊಬ್ಬನು ಮಾತ್ರ ‘ಕೊಚ್ಚಿಹೋಯಿತು’ ಎಂದು ಬರೆದಿದ್ದ. ಹೆಚ್ಚು ಮಂದಿ ಹೇಳುವುದು ಸಂಭವನೀಯ. ಆ ಹುಡುಗನ ಹೊಲದಲ್ಲಿ ನಡೆದದ್ದು ಸತ್ಯ. ಬುದ್ಧಿಯು ವಸ್ತುವಿಗೆ ಹೊಂದಿಕೊಳ್ಳುವುದೇ ಸತ್ಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಪದವು ಪದಕ್ಕೆ ಹೊಂದಿದ ಮಾತ್ರಕ್ಕೆ ಅದು ಸತ್ಯವಾಗದು. ಯಂತ್ರವು ನಿರರ್ಗಳವಾಗಿ ಸುಳ್ಳು ಹೇಳಬಲ್ಲುದು. ಕನ್ನಡದ ಬರಹ ಅದಕ್ಕೆ ಇಂಗ್ಲಿಷಿಗಿಂತ ಬಹಳ ಕಡಿಮೆ ದೊರೆತಿರುವುದರಿಂದ ನಮ್ಮ ಭಾಷೆಯಲ್ಲಿ ಎಡವುವ ಸಂಭವವೂ ಹೆಚ್ಚು.

ಇದು ನಮ್ಮ ಸೀಮೆಗೆ ತೀರ ಅಪರಿಚಿತವಾದ ವಿದ್ಯೆಯಲ್ಲ. ಸುರೇಬಾನ, ರಾಮದುರ್ಗಗಳು ನೇಕಾರರ ಊರುಗಳು. ಸೀರೆಯ ಸೆರಗಿನಲ್ಲಿ ಹೂವು ಮೂಡಿಸಲು ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಕಟ್ಟುವ ಜಕಾರ್ಡ್ ವಿಧಾನವು 1804ರ ಸುಮಾರಿಗೆ ಫ್ರಾನ್ಸ್ ದೇಶದಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು ಕಲ್ಪಿಸಿದ ಗಣಕಕ್ಕೆ ಅದೇ ಪಟ್ಟಿಗಳನ್ನು ಆರಿಸಿಕೊಂಡನು. 1843ರಲ್ಲಿ ಏಡಾ ಲವ್ಲೇಸ್ ಆ ಗಣಕವನ್ನು ಇಂಥ ಮಗ್ಗಕ್ಕೇ ಹೋಲಿಸಿದಳು. ಹೂವನ್ನು ಕಂಡು ಗಿರಾಕಿ ಬೆರಗಾಗುತ್ತಾನೆ. ಪಟ್ಟಿಗೆ ತೂತು ಹೊಡೆದವನು ಬೆರಗಾಗುವುದಿಲ್ಲ. ಎಲ್ಲಿ ತಪ್ಪಿದರೆ ಹೂವು ಸೊಟ್ಟಗಾದೀತೆಂದು ಅವನು ಬಲ್ಲ. ನಮ್ಮ ಮಕ್ಕಳು ಈ ಹೊಸ ಮಗ್ಗದ ಮುಂದೆ ಗಿರಾಕಿಗಳಾಗಿಯೇ ಉಳಿಯಬೇಕೇ?

ಭಕ್ತರು ಮೋಸಹೋಗರೆಂದೂ ತಿಳಿಯಬೇಕಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ‘ಕ್ಯಾಥೊಲಿಕ್ ಆನ್ಸರ್ಸ್’ ಸಂಸ್ಥೆಯು ‘ಫಾದರ್ ಜಸ್ಟಿನ್’ ಎಂಬ ಚಾಟ್‌ಬಾಟನ್ನು ಹೊರತಂದಿತು. ಅದು ತಾನು ನಿಜವಾದ ಗುರುವೆಂದೇ ಹೇಳಿಕೊಂಡಿತು. ತುರ್ತಿನಲ್ಲಿ ಗೇಟರೇಡ್ ಎಂಬ ಪಾನೀಯದಿಂದ ದೀಕ್ಷಾಸ್ನಾನ ಕೊಡಬಹುದೆಂದೂ ಅಂದಿತು! ಕೆಲವೇ ದಿನಗಳಲ್ಲಿ ಸಂಸ್ಥೆಯು ಅದರ ಗುರುವೇಷವನ್ನು ಕಳಚಿತು. 2025ರ ಜನವರಿ 28ರಂದು, ಸಂತ ಅಕ್ವಿನಾಸರ ಸ್ಮರಣೆಯ ದಿನವೇ, ವ್ಯಾಟಿಕನ್ ಹೊರಡಿಸಿದ ‘ಆಂತೀಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯು, ಯಂತ್ರವನ್ನು ವ್ಯಕ್ತಿಯೆಂದು ಬಿಂಬಿಸಲಾಗದೆಂದು ಸ್ಪಷ್ಟವಾಗಿ ಎಚ್ಚರಿಸಿದೆ.

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2019ರಲ್ಲಿಯೇ ಒಂಬತ್ತನೆಯ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ತಂದಿತು. ಆದರೆ ನಮ್ಮ ಹೆಚ್ಚಿನ ಮಕ್ಕಳು ಓದುವುದು ರಾಜ್ಯ ಪಠ್ಯಕ್ರಮದ ಕನ್ನಡ ಶಾಲೆಗಳಲ್ಲಿ. ನಗರದ ಮಗು ಯಂತ್ರವನ್ನು ಕಟ್ಟಲು ಕಲಿತು, ಹಳ್ಳಿಯ ಮಗು ಅದನ್ನು ನಂಬಲು ಮಾತ್ರ ಕಲಿತರೆ, ಅದು ನ್ಯಾಯದ ಪ್ರಶ್ನೆಯಾಗುತ್ತದೆ. ಆರಂಭಕ್ಕೆ ಪ್ರಯೋಗಾಲಯ ಬೇಕಿಲ್ಲ. ರಟ್ಟಿನ ಚೀಟಿ, ಹಳೆಯ ಗಣಕ, ತಿಳಿದ ಒಬ್ಬ ತರುಣ, ನಾಲ್ಕು ಸಂಜೆಗಳು ಸಾಕು. ಧರ್ಮಕೇಂದ್ರಗಳೂ ಶಾಲೆಗಳೂ ಇಷ್ಟನ್ನು ಒದಗಿಸಲಾರವೇ?

ಪಾಲಕರಲ್ಲಿ ನಮ್ಮದೊಂದು ವಿನಂತಿ. ಆ ಬಾಲಕಿ ಯಂತ್ರಕ್ಕೆ ಬರೆದ ಮಾತು ಆಟದ್ದೇ ಆಗಿರಬಹುದು, ನಿಜವೂ ಆಗಿರಬಹುದು. ನಾವು ಅಂದು ಗಣಕವನ್ನು ಮುಚ್ಚಿ, ಅವಳ ಬಳಿ ಕುಳಿತು ಕೇಳಿದೆವು. ಯಂತ್ರ ಕೇಳಿಸಿಕೊಳ್ಳುವುದಿಲ್ಲವೆಂದು ಮಗುವಿಗೆ ಕಲಿಸುವವರು, ತಾವು ಕೇಳಿಸಿಕೊಳ್ಳಲು ಸಿದ್ಧರಿರಬೇಕು. ಇಂದು ಸಂಜೆ ನಿಮ್ಮ ಮಗು ಮೊಬೈಲಿಗೆ ಹಾಕುವ ಪ್ರಶ್ನೆಯನ್ನು, ಒಮ್ಮೆ ನಿಮಗೂ ಹಾಕಲು ಬಿಡಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಜೊತೆಗೂಡಿ ಹುಡುಕಿರಿ.