ಬೂಸಾ, ಬ್ರೋಮಿನ್ ಮತ್ತು ಬಡವರ ಮೈ

1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದದ್ದೇ ತಡ, ರಾಜ್ಯವೆಲ್ಲ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಅದೇ 1973ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ದನ ತಿನ್ನುವ ನಿಜವಾದ ಬೂಸಾಕ್ಕೇ ವಿಷ ಬೆರೆಯಿತು. ಆ ಬೂಸಾದ ಕತೆಯನ್ನೂ ನಾವು ತಿಳಿಯಬೇಕು. ಯಾಕೆಂದರೆ ಆ ವಿಷದ ವಂಶ ಇವತ್ತು ನಮ್ಮ ಕೇರಿಗೂ ಬಂದು ಕೂತಿದೆ.

ಮಿಶಿಗನ್ ಕೆಮಿಕಲ್ ಎಂಬ ಕಂಪನಿ ಎರಡು ಪುಡಿ ಮಾಡುತ್ತಿತ್ತು. ಒಂದು ನ್ಯೂಟ್ರಿಮಾಸ್ಟರ್, ದನದ ಮೇವಿಗೆ ಬೆರೆಸುವಂಥದ್ದು. ಇನ್ನೊಂದು ಫೈರ್‌ಮಾಸ್ಟರ್, ಅಂದರೆ ಪಿಬಿಬಿ. ಬೆಂಕಿ ಬೇಗ ಹತ್ತದಿರಲಿ ಅಂತ ಪ್ಲಾಸ್ಟಿಕ್ಕಿಗೆ ಬೆರೆಸುವ ಬ್ರೋಮಿನ್ ರಾಸಾಯನಿಕ. ಚೀಲ ಅದಲು ಬದಲಾಗಿ ಫೈರ್‌ಮಾಸ್ಟರ್ ಮೇವಿನ ಗಿರಣಿ ಸೇರಿತು. ಹಸುಗಳು ಹಾಲು ಬತ್ತಿಸಿಕೊಂಡವು, ಕರುಗಳು ಸತ್ತವು. ರಸಾಯನಶಾಸ್ತ್ರ ಓದಿದ್ದ ರಿಕ್ ಹಾಲ್ಬರ್ಟ್ ಎಂಬ ರೈತ ಕೈಯಿಂದ ದುಡ್ಡು ಹಾಕಿ ಬೆನ್ನು ಹತ್ತಿದ ಮೇಲೆ, 1974ರಲ್ಲಿ ವಿಷದ ಹೆಸರು ಗೊತ್ತಾಯಿತು. ಅಷ್ಟರಲ್ಲಿ ಲಕ್ಷಾಂತರ ಜನ ಆ ಹಾಲು, ಮೊಟ್ಟೆ, ಮಾಂಸ ತಿಂದಾಗಿತ್ತು. ಸುಮಾರು 30,000 ದನ, 15 ಲಕ್ಷ ಕೋಳಿ ಕೊಂದರು. ದನ ಕೊಲ್ಲಬಹುದು, ಹೂಳಬಹುದು. ಜನರ ಕೊಬ್ಬಿನಲ್ಲಿ ಕೂತ ವಿಷವನ್ನು ಏನು ಮಾಡ್ತೀರಿ? ತಾಯಿಯ ಮೈಯಲ್ಲಿ ಪಿಬಿಬಿ ಹೆಚ್ಚಿದ್ದು, ಅವಳ ಹಾಲನ್ನೇ ಕುಡಿದು ಬೆಳೆದ ಹೆಣ್ಣುಮಕ್ಕಳು ಸುಮಾರು ಒಂದು ವರ್ಷ ಮೊದಲೇ ಮೈನೆರೆದರು ಅಂತ ಮುಂದೆ 2000ದಲ್ಲಿ ಅಧ್ಯಯನ ಹೇಳಿತು.

ಇದು ಹೇಗೆ? ಊರಿನ ಮೇಷ್ಟ್ರುಗಳು ಮಕ್ಕಳಿಗೆ ಹೀಗೆ ಹೇಳಬಹುದು. ನಮ್ಮ ಗಂಟಲಿನ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು. ಉಪ್ಪಿಗೆ ಅದನ್ನು ಬೆರೆಸುವುದು ಅದಕ್ಕೇ. ಬ್ರೋಮಿನ್, ಅಯೋಡಿನ್ ಒಂದೇ ಮನೆತನದವು. ಬ್ರೋಮಿನ್ ತುಂಬಿದ ಈ ಕಣಗಳು ಥೈರಾಯ್ಡ್ ಹಾರ್ಮೋನಿನ ವೇಷದಲ್ಲಿ ಮೈಯೊಳಗೆ ಹೊಕ್ಕು, ಅದರ ಜಾಗದಲ್ಲಿ ತಾವು ಕೂರುತ್ತವೆ. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯುವುದು ತಾಯಿಯ ಆ ಹಾರ್ಮೋನಿನಿಂದ. ಅಲ್ಲಿ ತಪ್ಪಿದ್ದನ್ನು ಆಮೇಲೆ ಯಾವ ಶಾಲೆಯೂ ತುಂಬಿಕೊಡಲಾರದು.

ಪಿಬಿಬಿ ಹೋಯಿತು, ಅದರ ದಾಯಾದಿ ಪಿಬಿಡಿಇ ಬಂತು. ಸೋಫಾದ ಫೋಮ್ 12 ಸೆಕೆಂಡು ಬೆಂಕಿ ತಡೆಯಬೇಕು ಅಂತ 1975ರಲ್ಲಿ ಕ್ಯಾಲಿಫೋರ್ನಿಯಾ ನಿಯಮ ಮಾಡಿತು. ಕಂಪನಿಗಳು ಫೋಮಿಗೆ ಈ ವಿಷ ಸುರಿದವು. ಅದು ಫೋಮಿಗೆ ಅಂಟಿ ನಿಲ್ಲುವುದಿಲ್ಲ. ಧೂಳಾಗಿ ಉದುರುತ್ತದೆ, ನೆಲದ ಮೇಲೆ ಅಂಬೆಗಾಲಿಡುವ ಕೂಸಿನ ಬಾಯಿಗೆ ಹೋಗುತ್ತದೆ. ಸ್ವೀಡನ್ನಿನ ತಾಯಂದಿರ ಹಾಲಿನಲ್ಲಿ 1972ರಿಂದ 1997ರವರೆಗೆ ಇದು ಐದೈದು ವರ್ಷಕ್ಕೆ ಇಮ್ಮಡಿಯಾಯಿತು. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಮೆಕ್ಸಿಕೋದಿಂದ ಬಂದ ಹೊಲದ ಕೂಲಿಗಳ ಮಕ್ಕಳ ರಕ್ತದಲ್ಲಿ, ಮೆಕ್ಸಿಕೋದಲ್ಲೇ ಉಳಿದವರ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು ಸಿಕ್ಕಿತು. ಗರ್ಭದಲ್ಲಿ ಹೆಚ್ಚು ಸೋಂಕಿದ್ದ ಮಕ್ಕಳ ಗಮನವೂ ಬುದ್ಧಿಪರೀಕ್ಷೆಯ ಅಂಕವೂ ಕಮ್ಮಿಯಿದ್ದವು.

ಕಂಪನಿಗಳ ವಾದ ಒಂದೇ: ವಿಷ ಬೇಡ ಅಂದರೆ ಮಕ್ಕಳು ಬೆಂಕಿಯಲ್ಲಿ ಬೇಯುತ್ತಾರೆ! ನಾಗರಿಕರ ಸಂಘ ಅಂತ ಒಂದು ಬೋರ್ಡು ತಗುಲಿಸಿದರು; ಹಿಂದೆ ಇದ್ದದ್ದು ಆಲ್ಬೆಮಾರ್ಲ್, ಐಸಿಎಲ್, ಕೆಮ್‌ಟುರಾ ಕಂಪನಿಗಳ ದುಡ್ಡು. ಹೆಸರಾಂತ ವೈದ್ಯನೊಬ್ಬ ಶಾಸಕರ ಮುಂದೆ ನಿಂತು, ಸುಟ್ಟು ಸತ್ತ ಹಸುಗೂಸಿನ ಕತೆ ಹೇಳಿದ. ಅಂಥ ಕೂಸೇ ಇರಲಿಲ್ಲ ಅಂತ 2012ರಲ್ಲಿ ಚಿಕಾಗೋ ಟ್ರಿಬ್ಯೂನ್ ಪತ್ರಿಕೆ ಬಯಲು ಮಾಡಿತು. ಸಿಗರೇಟು ಕಂಪನಿಗಳೂ ಈ ಆಟದಲ್ಲಿದ್ದವು. ತಾನಾಗಿ ಆರುವ ಸಿಗರೇಟು ಮಾಡುವ ಬದಲು ಸೋಫಾಕ್ಕೆ ವಿಷ ಹಾಕಿ ಅಂದವು. 2013ರಲ್ಲಿ ಕ್ಯಾಲಿಫೋರ್ನಿಯಾ ನಿಯಮ ಬದಲಿಸಿತು.

ಬೆಂಕಿಯಿಂದ ಬಡವರನ್ನು ಕಾಪಾಡುವ ಮಾತನ್ನು ನಮಗೆ ಯಾರೂ ಹೇಳಬೇಕಿಲ್ಲ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರಲ್ಲ, ಆ ಬೆಂಕಿಗೆ ಇವರ ಹತ್ತಿರ ಯಾವ ಪುಡಿ ಇದೆ?

ಈಗ ನಮ್ಮ ಕೇರಿಗೆ ಬನ್ನಿ. ಈ ವಿಷ ಬೆರೆತ ಟಿವಿ, ಕಂಪ್ಯೂಟರು ಸತ್ತ ಮೇಲೆ ಎಲ್ಲಿ ಹೋಗುತ್ತವೆ? ದೆಹಲಿಯ ಸೀಲಂಪುರಕ್ಕೆ, ಉತ್ತರಪ್ರದೇಶದ ಮೊರಾದಾಬಾದಿಗೆ, ನಮ್ಮ ಬೆಂಗಳೂರಿನ ಗೌರಿಪಾಳ್ಯಕ್ಕೆ. ಅಲ್ಲಿ ಒಡೆಯುವವರು, ತಾಮ್ರಕ್ಕಾಗಿ ವೈರು ಸುಡುವವರು ಯಾರು? ದಲಿತರು, ಮುಸಲ್ಮಾನರು, ಊರು ಬಿಟ್ಟು ಬಂದ ಕೂಲಿಗಳು. ಬ್ರೋಮಿನ್ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಜಾತಿಯ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ಸತ್ತ ದನ ಹೊರುವುದನ್ನು ಯಾರ ಪಾಲಿಗೆ ಬರೆದರೋ, ಸತ್ತ ಕಂಪ್ಯೂಟರು ಒಡೆಯುವುದನ್ನೂ ಅವರ ಪಾಲಿಗೇ ತಳ್ಳಿದ್ದಾರೆ. ಉಪಯೋಗಿಸುವವನಿಗೆ ಮಡಿ, ಒಡೆಯುವವನಿಗೆ ಮೈಲಿಗೆ. ಹಳೆಯ ಮೈಲಿಗೆ ಸುಳ್ಳಾಗಿತ್ತು; ಈ ಹೊಸ ಮೈಲಿಗೆ ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ.

ಕಾನೂನು ಇಲ್ಲವೆಂದಲ್ಲ. ಇಂಥ ಕೆಲವು ರಾಸಾಯನಿಕಗಳನ್ನು ಸ್ಟಾಕ್‌ಹೋಮ್ ಒಪ್ಪಂದ 2009ರಲ್ಲಿ ಪಟ್ಟಿಗೆ ಸೇರಿಸಿತು. ಭಾರತ ಅವಕ್ಕೆ ಒಪ್ಪಿಗೆ ಹಾಕಿದ್ದು 2020ರಲ್ಲಿ. ಇ-ತ್ಯಾಜ್ಯ ಒಡೆಯುವ ಕೂಲಿಗಳನ್ನು ನೋಂದಾಯಿಸಿ, ಅವರ ಆರೋಗ್ಯ, ಸುರಕ್ಷತೆ ನೋಡಬೇಕು ಅಂತ 2022ರ ನಿಯಮವೇ ರಾಜ್ಯ ಸರ್ಕಾರಕ್ಕೆ ಹೇಳಿದೆ. ಹಾಗಾದರೆ ಆ ಪಟ್ಟಿ ಎಲ್ಲಿ? ಎಷ್ಟು ತಾಯಂದಿರ ರಕ್ತ ಪರೀಕ್ಷೆಯಾಗಿದೆ?

ಗೆಳೆಯರೇ, ಕೇಳಬೇಕಾದ್ದು ಇದು. ಕೂಲಿಗಳ ಪಟ್ಟಿ ಪ್ರಕಟವಾಗಲಿ, ಅವರ ಮತ್ತು ಅವರ ಮಕ್ಕಳ ಥೈರಾಯ್ಡ್ ತಪಾಸಣೆ ಸರ್ಕಾರದ ಖರ್ಚಿನಲ್ಲಿ ನಡೆಯಲಿ, ಅದರ ದುಡ್ಡನ್ನು ಸರಕು ಮಾಡಿದ ಕಂಪನಿಗಳಿಂದ ವಸೂಲು ಮಾಡಲಿ. ಅಣ್ಣನನ್ನು ನಿಷೇಧಿಸಿ ತಮ್ಮನನ್ನು ಒಳಗೆ ಬಿಡುವ ಆಟ ನಿಲ್ಲಲಿ. ಇಡೀ ವಂಶವೇ ಹೋಗಲಿ. ತಾಯಂದಿರಿಗೆ ಒಂದು ಮಾತು: ಇದನ್ನು ಓದಿ ಹೆದರಿ ಕೂಸಿಗೆ ಹಾಲು ಬಿಡಿಸಬೇಡಿ. ತಪ್ಪು ನಿಮ್ಮ ಹಾಲಿನದಲ್ಲ. ಅದಕ್ಕೆ ವಿಷ ಬೆರೆಸಿದವರನ್ನು ಹೆಸರು ಹಿಡಿದು ಕೇಳೋಣ.