ಎಲ್ಲವೂ ಮುಕ್ತ, ಕನ್ನಡ ಒಂದನ್ನು ಬಿಟ್ಟು!

ಬೆಂಗಳೂರಿನಲ್ಲಿ ನಡೆಯೋ ಲಿನಕ್ಸ್ ಬಳಕೆದಾರರ ಕೂಟವೊಂದಕ್ಕೆ ನಾನು ಐದು ವರ್ಷದಿಂದ ಹೋಗ್ತಾ ಇದ್ದೀನಿ. ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ತಲೆಗೆ ಹತ್ತದ್ದು ಅಲ್ಲಿ ನಾಲ್ಕು ಶನಿವಾರದಲ್ಲಿ ಹತ್ತಿದೆ. ಆ ಋಣ ಇದ್ದರೂ ಒಂದು ಮಾತು ಹೇಳಲೇಬೇಕು, ಯಾರಿಗೆ ಬೇಜಾರಾದ್ರೂ ಸರಿ. ಅಲ್ಲಿ ಸೋರ್ಸ್ ಕೋಡ್ ಮುಕ್ತ, ಬಾಗಿಲು ಮುಕ್ತ, ಚರ್ಚೆ ಮುಕ್ತ. ಕನ್ನಡಕ್ಕೆ ಮಾತ್ರ ಜಾಗ ಇಲ್ಲ.

ಹೊಸಬರು ಬಂದಾಗಲೆಲ್ಲ ಮೊದಲ ಹತ್ತು ನಿಮಿಷ ಒಂದೇ ಪಾಠ: ‘ಫ್ರೀ ಅಂದ್ರೆ ಕಾಸಿಲ್ಲದ್ದು ಅಂತಲ್ಲ, ಸ್ವಾತಂತ್ರ್ಯ ಅಂತ.’ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಯೋಜನೆ ಘೋಷಿಸಿದ ಮೇಲೆ ಇಂಗ್ಲಿಷಿನವರು ಈ ಒಂದು ಪದದ ಜೊತೆ ಗುದ್ದಾಡ್ತಾನೇ ಇದ್ದಾರೆ. ನಮಗೆ ಆ ಗೋಳೇ ಇಲ್ಲ ಸ್ವಾಮಿ! ಪುಕ್ಕಟೆ ಬೇರೆ, ಮುಕ್ತ ಬೇರೆ. ಕನ್ನಡದಲ್ಲಿ ಅರ್ಧ ವಾಕ್ಯಕ್ಕೆ ಮುಗಿಯೋದನ್ನ ಕನ್ನಡದ ಹುಡುಗರಿಗೇ ಇಂಗ್ಲಿಷಿನಲ್ಲಿ ಹೇಳಿ ಗೊಂದಲ ಮಾಡ್ತೀವಲ್ಲ, ಇದಕ್ಕೇನನ್ನಬೇಕು?

ಇದು ಬರೀ ಭಾಷಾಭಿಮಾನದ ಮಾತಲ್ಲ, ಕೆಲಸದ ಮಾತು. ‘ಸೂರ್ಯ’ ಅನ್ನೋ ಪದವನ್ನೇ ತಗೊಳ್ಳಿ. ಒಬ್ಬರು ಅರ್ಕಾವತ್ತು ಹಾಕಿ ‘ಸೂರ್ಯ’ ಅಂತ ಬರೀತಾರೆ, ಇನ್ನೊಬ್ಬರು ‘ಸೂರ‍್ಯ’ ಅಂತ. ಎರಡನೆಯದಕ್ಕೆ ಯೂನಿಕೋಡಿನಲ್ಲಿ ‘ರ’ ಆದಮೇಲೆ ಜೆಡ್‌ಡಬ್ಲ್ಯೂಜೆ ಅನ್ನೋ ಕಣ್ಣಿಗೆ ಕಾಣದ ಅಕ್ಷರ ಸೇರಿಸಬೇಕು. ನಮಗೆ ಎರಡೂ ಒಂದೇ ಪದ. ಆ ಅಕ್ಷರವನ್ನ ಕಡೆಗಣಿಸಬೇಕು ಅಂತ ಗೊತ್ತಿಲ್ಲದ ಪ್ರೋಗ್ರಾಮಿಗೆ ಎರಡು ಬೇರೆ ಪದ, ಒಂದನ್ನ ಹುಡುಕಿದ್ರೆ ಇನ್ನೊಂದು ಸಿಗಲ್ಲ. ಈ ಬಗ್ ಅನ್ನು ಜರ್ಮನಿಯಲ್ಲಿ ಕೂತ ಡೆವಲಪರ್ ಹಿಡೀತಾನಾ? ಕನ್ನಡ ಓದೋರೇ ಹಿಡೀಬೇಕು. ಅಂಥವರು ನಮ್ಮ ಕೂಟದ ಕೊನೇ ಸಾಲಲ್ಲಿ ಬಾಯಿ ಬಿಡದೆ ಕೂತು, ಮುಂದಿನ ತಿಂಗಳು ಬರೋದನ್ನೇ ನಿಲ್ಲಿಸ್ತಾರೆ. ಡಿಪ್ಲೊಮಾ ಓದೋ ಎಷ್ಟೋ ಹುಡುಗರು ಹೀಗೆ ಹೋಗಿದ್ದನ್ನ ನೋಡಿದ್ದೀನಿ. ತಿದ್ದುವ ಸ್ವಾತಂತ್ರ್ಯ ಲೈಸೆನ್ಸಿನಲ್ಲಿದ್ದರೆ ಸಾಕಾ?

‘ಬೇರೆ ರಾಜ್ಯದವರೂ ಬರ್ತಾರಲ್ಲ’ ಅಂತ ಒಂದು ಉತ್ತರ ಯಾವಾಗಲೂ ರೆಡಿ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಅಂತ ಶುರುವಾಗಿ, 2005ರಿಂದ ‘ಫಾಸ್ ಡಾಟ್ ಇನ್’ ಹೆಸರಲ್ಲಿ 2012ರವರೆಗೆ ನಡೆದ ಸಮ್ಮೇಳನಕ್ಕೆ ದೇಶವಿದೇಶದವರು ಬರ್ತಿದ್ರು, ಅಲ್ಲಿ ಇಂಗ್ಲಿಷ್ ಸರಿಯೇ. ಇಪ್ಪತ್ತು ಜನ ಸೇರೋ ಕೂಟಕ್ಕೂ ಅದೇ ನಿಯಮ ಯಾಕೆ?

‘ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ’ ಅನ್ನೋದು ಇನ್ನೊಂದು ನೆಪ. ಟೀ ಬ್ರೇಕಿನಲ್ಲಿ ಇದೇ ಜನ ಕರ್ನಲ್, ಡ್ರೈವರ್, ಪ್ಯಾಚು ಅಂತ ಅಚ್ಚುಕಟ್ಟಾಗಿ ಕನ್ನಡದಲ್ಲೇ ಜಗಳ ಆಡ್ತಾರೆ. ಬಸ್ಸು, ಸ್ವಿಚ್ಚುಗಳನ್ನ ನಮ್ಮದು ಮಾಡಿಕೊಂಡವರಿಗೆ ಪ್ಯಾಚು ಭಾರವಾ?

ನಾನು ಕೇಳೋದು ಇಷ್ಟೇ. ಪ್ರತಿ ಕೂಟದಲ್ಲಿ ಅರ್ಧ ಗಂಟೆಯ ಒಂದು ಭಾಷಣ ಕನ್ನಡದಲ್ಲಿರಲಿ. ಆಮೇಲೆ ಒಂದು ಗಂಟೆ ಎಲ್ಲರೂ ಸೇರಿ ಕನ್ನಡದ ಬಗ್‌ಗಳನ್ನ ಹುಡುಕಿ ವರದಿ ಮಾಡೋಣ. ಕೋಡ್ ಬರೆಯೋಕೆ ಬರದಿದ್ರೂ ಪರವಾಗಿಲ್ಲ, ಕನ್ನಡ ಓದೋಕೆ ಬಂದ್ರೆ ಸಾಕು.

ಸಂಘಟಕರು ಒಪ್ಪಲಿ ಬಿಡಲಿ, ಮುಂದಿನ ಸಲ ನನ್ನ ಸರದಿ ಬಂದಾಗ ನಾನಂತೂ ‘ಸೂರ್ಯ’ನ ಬಗ್ಗೆ ಕನ್ನಡದಲ್ಲೇ ಮಾತಾಡೋದು. ನೀವೇನಂತೀರಿ?