ನವೋದಯದ ಎಂಬತ್ತು ಸೀಟು ಮತ್ತು ಮಲೆನಾಡಿನ ಮಕ್ಕಳು

ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಅರ್ಜಿ ಕರೆದ ಸುದ್ದಿ ಬಂದೊಡನೆ ಮಲೆನಾಡಿನ ಮನೆಗಳಲ್ಲಿ ಪ್ರತಿವರ್ಷ ಒಂದು ಚರ್ಚೆ ಏಳುತ್ತದೆ. ಮಗುವನ್ನು ಪರೀಕ್ಷೆಗೆ ಕೂರಿಸಬೇಕೇ ಎಂಬುದು ಈಗ ಪ್ರಶ್ನೆಯಾಗಿ ಉಳಿದಿಲ್ಲ. ನಾಲ್ಕನೇ ತರಗತಿಯಿಂದಲೇ ಕೋಚಿಂಗಿಗೆ ಹಾಕಬೇಕೇ, ಪೇಟೆಯ ತರಬೇತಿ ಕೇಂದ್ರದ ಹಾಸ್ಟೆಲಿನಲ್ಲಿ ಬಿಡಬೇಕೇ ಎಂಬುದೇ ಪ್ರಶ್ನೆಯಾಗಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ ಮತ್ತು ಆದರ್ಶ ವಿದ್ಯಾಲಯಗಳ ಪ್ರವೇಶ ಪರೀಕ್ಷೆಗಳೂ ಇದೇ ವಯಸ್ಸಿನ ಮಕ್ಕಳಿಗೇ ಇರುವುದರಿಂದ, ಒಂದು ಕೋಚಿಂಗು ಎಲ್ಲಕ್ಕೂ ಆದೀತೆಂಬ ಲೆಕ್ಕಾಚಾರವೂ ಜೊತೆಗಿದೆ.

ಈ ಆಸೆಯನ್ನು ಬರಿಯ ಪ್ರತಿಷ್ಠೆಯ ಹಂಬಲವೆಂದು ತಳ್ಳಿಹಾಕುವುದು ಪೇಟೆಯಲ್ಲಿ ಕುಳಿತವರಿಗೆ ಸುಲಭ. ಗುಡ್ಡದ ಎಷ್ಟೋ ಊರುಗಳಲ್ಲಿ ಇರುವುದು ಐದನೇ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ ಮಾತ್ರ. ಮುಂದಿನ ಓದಿಗೆ ಮಗು ಕಾಲುಸಂಕ ದಾಟಿ, ಕಾಡುದಾರಿ ನಡೆದು, ದಿನಕ್ಕೆರಡು ಬಾರಿ ಬರುವ ಬಸ್ಸಿಗೆ ಕಾಯಬೇಕು. ಆಷಾಢದ ಮಳೆಯಲ್ಲಿ ಸಂಕ ಕೊಚ್ಚಿಹೋದರೆ ಶಾಲೆಯೂ ಅಲ್ಲಿಗೇ ನಿಂತಿತು. ಹೆಣ್ಣುಮಕ್ಕಳ ವಿಷಯದಲ್ಲಿ ಈ ದಾರಿಯೇ ಓದನ್ನು ನಿಲ್ಲಿಸಲು ನೆಪವಾಗುವುದುಂಟು. ಅಂತಹ ಮನೆಗೆ ಊಟ, ವಸತಿ, ಪುಸ್ತಕ ಸಮೇತ ಹನ್ನೆರಡನೇ ತರಗತಿಯವರೆಗೆ ಓದಿಸುವ ಸರ್ಕಾರಿ ಶಾಲೆ ದೊಡ್ಡ ಆಸರೆಯಾಗಿ ಕಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಗಾಜನೂರು, ಬಾಳೆಹೊನ್ನೂರು, ಗಾಳಿಬೀಡುಗಳ ನವೋದಯಗಳತ್ತ ಮಲೆನಾಡು ಆಸೆಗಣ್ಣಿನಿಂದ ನೋಡುವುದು ಇದಕ್ಕಾಗಿಯೇ.

ಆದರೆ ಪರೀಕ್ಷೆಯ ಸ್ವರೂಪವನ್ನು ಒಮ್ಮೆ ಗಮನಿಸಬೇಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಬೆಳೆದ ಈ ಶಾಲೆಗಳಲ್ಲಿ ಶೇಕಡಾ 75ರಷ್ಟಾದರೂ ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅಂಕಗಣಿತಕ್ಕೆ 25, ಭಾಷೆಗೆ 25, ಉಳಿದ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಈ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ಚಿತ್ರಗಳಲ್ಲಿವೆ. ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಪ್ರತಿಬಿಂಬ ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದವನ್ನು ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ ಎಂಬಂಥವು. ಇಂಗ್ಲಿಷ್ ಬಾರದ, ಮನೆಯಲ್ಲಿ ಪುಸ್ತಕಗಳ ರಾಶಿಯಿಲ್ಲದ ಹಳ್ಳಿಯ ಮಗುವೂ ತನ್ನ ಸ್ವಂತ ಬುದ್ಧಿಯಿಂದ ಉತ್ತರಿಸಲೆಂದೇ ಹೀಗೆ ರೂಪಿಸಲಾಯಿತು.

ಕೋಚಿಂಗು ಕೆಡಿಸಿರುವುದು ಈ ಆಶಯವನ್ನೇ. ಆಕೃತಿಯ ಒಗಟನ್ನು ಮೊದಲ ಬಾರಿಗೆ ಕಂಡ ಮಗು ಯೋಚಿಸುತ್ತದೆ. ಸಾವಿರನೆಯ ಬಾರಿ ಕಂಡ ಮಗು ನೆನಪಿಸಿಕೊಳ್ಳುತ್ತದೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬಂದ ಅಂಕವನ್ನು ಪ್ರತಿಭೆಯೆಂದು ಕರೆಯುವುದು ಸರಿಯಾಗದು. ಇನ್ನೂ ಒಂದು ಮಾತು. ಒಂದು ನವೋದಯದ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಜಿಲ್ಲೆಯಲ್ಲಿ ಸಾವಿರ ಮಕ್ಕಳು ಬರೆದರೂ, ಐದು ಸಾವಿರ ಮಕ್ಕಳು ಬರೆದರೂ ಅಷ್ಟೇ. ಊರಿನವರೆಲ್ಲ ಅಡಿಕೆ ಮಾರಿದ ಹಣವನ್ನು ಕೋಚಿಂಗಿಗೆ ಸುರಿದರೂ ಎಂಬತ್ತೊಂದನೆಯ ಸೀಟು ಹುಟ್ಟುವುದಿಲ್ಲ. ಒಬ್ಬ ಕೂಲಿಕಾರನ ಮಗಳಿಗೆ ಸಿಗಬಹುದಾಗಿದ್ದ ಸೀಟು ಶುಲ್ಕ ತೆರಬಲ್ಲವನ ಮಗನಿಗೆ ಹೋಗುತ್ತದೆ, ಅಷ್ಟೇ.

ಪೇಟೆಗೆ ಕಳುಹಿಸುವ ಪಾಲಕರು ಮರೆಯುವ ನಿಯಮವೊಂದಿದೆ. ಗ್ರಾಮೀಣ ಮೀಸಲಾತಿಗೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಈ ಅವಧಿಯಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಕಲಿತರೂ ಅದನ್ನು ನಗರದ ಅಭ್ಯರ್ಥಿಯೆಂದೇ ಎಣಿಸಲಾಗುತ್ತದೆ. ಐದನೇ ತರಗತಿಯನ್ನು ಓದುತ್ತಿರುವ ಜಿಲ್ಲೆಯ ನವೋದಯಕ್ಕಷ್ಟೇ ಅರ್ಜಿ ಹಾಕಬಹುದು. ಹೀಗಿರುವಾಗ ಹೊರಜಿಲ್ಲೆಯ ತರಬೇತಿ ಹಾಸ್ಟೆಲಿಗೆ ಸೇರಿಸಿದವರಿಗೆ ಉಳಿಯುವುದು ಎರಡೇ ದಾರಿ: ಇದ್ದ ಅನುಕೂಲವನ್ನು ಕಳೆದುಕೊಳ್ಳುವುದು, ಇಲ್ಲವೇ ಹೆಸರನ್ನು ಊರಿನ ಶಾಲೆಯಲ್ಲಿಟ್ಟು ಮಗುವನ್ನು ಮಾತ್ರ ಬೇರೆಡೆ ಇರಿಸುವುದು. ಎರಡನೆಯದಕ್ಕೆ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಯಿಸಬೇಕು. ಹತ್ತು ವರ್ಷದ ಮಗುವಿಗೆ ಇದೆಲ್ಲ ತಿಳಿಯದೆಂದು ಭಾವಿಸುವವರು ಮಕ್ಕಳನ್ನು ಬಲ್ಲವರಲ್ಲ.

ಹಾಗಾದರೆ ತಯಾರಿಯೇ ಬೇಡವೇ? ಬೇಡವೆನ್ನುವುದೂ ಅನ್ಯಾಯವೇ ಆಗುತ್ತದೆ. ಮೂರನೇ ತರಗತಿಯವರೆಗೆ ನಲಿಕಲಿಯ ಕಾರ್ಡುಗಳೊಡನೆ ಗುಂಪಿನಲ್ಲಿ ಕಲಿತ ಮಗು, ಒಬ್ಬರೇ ಶಿಕ್ಷಕರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳುವ ಶಾಲೆಯಿಂದ ಬಂದ ಮಗು, ಓಎಂಆರ್ ಹಾಳೆಯನ್ನು ಎಂದೂ ಕಂಡಿರುವುದಿಲ್ಲ. ಪೆನ್ಸಿಲಿನಲ್ಲಿ ಬರೆದು ಅಳಿಸುವ ರೂಢಿಯ ಕೈಗೆ ಅಲ್ಲಿ ಬಾಲ್‌ಪೆನ್ನು ಬರುತ್ತದೆ. ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂದು ಯಾರೂ ಹೇಳದಿದ್ದರೆ ಅದು ತಿಳಿಯದ ಪ್ರಶ್ನೆಗಳನ್ನು ಖಾಲಿ ಬಿಟ್ಟು ಎದ್ದುಬರುತ್ತದೆ. ಆರನೇ ತರಗತಿಯ ಈ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯಲು ಅವಕಾಶವೂ ಇಲ್ಲ. ಇವನ್ನೆಲ್ಲ ಮೊದಲೇ ತಿಳಿಸುವುದು ಕೋಚಿಂಗ್ ಅಲ್ಲ, ದಾರಿ ತೋರಿಸುವುದು. ಹಳೆಯ ಪ್ರಶ್ನೆಪತ್ರಿಕೆಗಳನ್ನಿಟ್ಟುಕೊಂಡು ಕೆಲವು ವಾರ ಕುಳಿತರೆ ಸಾಕು. ಅಂಕಗಣಿತ ಮತ್ತು ಓದಿ ಅರ್ಥಮಾಡಿಕೊಳ್ಳುವ ಭಾಗಗಳಂತೂ ಶಾಲೆಯ ಪಾಠವೇ. ಭಿನ್ನರಾಶಿ, ಲಾಭ ನಷ್ಟ, ಸುತ್ತಳತೆಗಳನ್ನು ಚೆನ್ನಾಗಿ ಕಲಿತ ಮಗುವಿಗೆ ಸೀಟು ಸಿಗದಿದ್ದರೂ ಆ ಕಲಿಕೆ ಉಳಿಯುತ್ತದೆ. ಮಡಿಸಿದ ಕಾಗದದ ತೂತುಗಳ ಸಾವಿರ ಚಿತ್ರಗಳ ಬಗ್ಗೆ ಹಾಗೆ ಹೇಳಲಾಗದು.

ಇತರರು ಕೋಚಿಂಗಿಗೆ ಕಳುಹಿಸುವಾಗ ತಮ್ಮ ಮಗು ಮಾತ್ರ ಹಿಂದುಳಿಯದೇ ಎಂಬ ಪಾಲಕರ ಅಳುಕು ಸುಳ್ಳಲ್ಲ. ಕೆಲವು ಸೀಟುಗಳು ಹೀಗೆ ಕೈತಪ್ಪಬಹುದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎರಡು ವರ್ಷದ ಬಾಲ್ಯವಿದೆ. ಮನೆಯವರೊಂದಿಗೆ ತೋಟ, ಗದ್ದೆ, ಹಳ್ಳಗಳಲ್ಲಿ ಓಡಾಡುತ್ತ ಹಕ್ಕಿ, ಮರ, ಮಳೆಯ ಗುರುತುಗಳನ್ನು ಕಲಿಯುವ ವಯಸ್ಸು ಅದು. ಆ ಕಲಿಕೆಗೆ ಅಂಕವಿಲ್ಲ, ಮರುಪರೀಕ್ಷೆಯೂ ಇಲ್ಲ. ಆಯ್ಕೆಯಾದರೆ ಹನ್ನೊಂದಕ್ಕೇ ಮಗು ಮನೆ ಬಿಡುತ್ತದೆ. ಆಯ್ಕೆಯ ಆಸೆಗಾಗಿ ಒಂಬತ್ತಕ್ಕೇ ಬಿಡಿಸುವುದು ಯಾವ ನ್ಯಾಯ? ಅಷ್ಟಾಗಿಯೂ ಸೀಟು ಸಿಗದ ಮಗು ಸೋತವನೆಂಬ ಹೆಸರು ಹೊತ್ತು ಊರಿಗೆ ಮರಳುತ್ತದೆ. ಅದು ಬಿಟ್ಟುಹೋದ ಶಾಲೆಯಲ್ಲಿ ಅಷ್ಟರಲ್ಲಿ ಮಕ್ಕಳ ಸಂಖ್ಯೆ ಇನ್ನೊಂದಿಷ್ಟು ಇಳಿದಿರುತ್ತದೆ.

ಆದ್ದರಿಂದ ಈ ತಯಾರಿ ಮನೆಮನೆಯ ಖರ್ಚಾಗದೆ ಊರಶಾಲೆಯ ಕೆಲಸವಾಗಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಮನಸ್ಸು ಮಾಡಿದರೆ ಶನಿವಾರದ ಶಾಲೆ ಬಿಟ್ಟ ಮೇಲೆ ಐದನೇ ತರಗತಿಯ ಎಲ್ಲ ಮಕ್ಕಳನ್ನೂ, ಬಡವರ ಮಗು ಉಳ್ಳವರ ಮಗು ಎನ್ನದೆ, ಒಟ್ಟಿಗೆ ಕೂರಿಸಬಹುದು. ಊರಿನಲ್ಲಿ ಕಾಲೇಜು ಓದುತ್ತಿರುವ ಹುಡುಗ ಹುಡುಗಿಯರು ಓಎಂಆರ್ ಹಾಳೆ ತುಂಬುವುದನ್ನು ಹೇಳಿಕೊಡಬಲ್ಲರು. ಅರ್ಜಿಗೆ ಶುಲ್ಕವಿಲ್ಲ, ಆದರೆ ಅದನ್ನು ಆನ್‌ಲೈನಿನಲ್ಲೇ ಸಲ್ಲಿಸಬೇಕು, ಮುಖ್ಯೋಪಾಧ್ಯಾಯರ ಸಹಿಯಾದ ಪ್ರಮಾಣಪತ್ರ ಲಗತ್ತಿಸಬೇಕು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಕೋಚಿಂಗಿನ ಕೊರತೆಗಿಂತ ಈ ಅರ್ಜಿಯೇ ದೊಡ್ಡ ತೊಡಕಾದೀತು. ಕೊನೆಯ ದಿನದವರೆಗೆ ಕಾಯದೆ, ಒಂದು ದಿನ ನಿಗದಿಮಾಡಿ, ಎಲ್ಲ ಮಕ್ಕಳ ಕಾಗದಪತ್ರಗಳನ್ನು ಕಟ್ಟಿಕೊಂಡು ಒಬ್ಬರು ಪೇಟೆಗೆ ಹೋಗಿಬಂದರೆ ಆ ಕೆಲಸ ಮುಗಿಯುತ್ತದೆ.